ಗಾದಿ ಕೋಣೆಯಿಂದ ಕಾಟಾದವರೆಗೆ ಒಂದು ನೀಲಿ ವೈರು

ಮೊಮ್ಮಕ್ಕಳೇ, ನಾನು ಫೋನಿನಲ್ಲಿ ಮಾತಾಡುವುದು ಕಡಿಮೆ, ಬರೆದು ಕಳಿಸುವುದು ಹೆಚ್ಚು ಎಂದು ನೀವು ನಗುತ್ತೀರಿ. "ಆಯಿ, ಹೂಂ ಅನ್ನೂದು ಬಿಟ್ಟು ಬ್ಯಾರೆ ಏನರ ಮಾತಾಡ" ಎಂದು ನಿಮ್ಮಲ್ಲಿ ಸಣ್ಣಾಕಿ ಮೊನ್ನೆ ಬೈದಳು. ಅದೇ ಬರೆಯಲು ಕುಳಿತೆನೆಂದರೆ ನನಗೆ ನಿಲ್ಲಿಸುವುದು ಗೊತ್ತಾಗುವುದಿಲ್ಲ. ಈ ಅಭ್ಯಾಸ ಮೊಬೈಲಿನಿಂದ ಬಂದದ್ದಲ್ಲ. ಅದಕ್ಕೂ ಎಷ್ಟೋ ಮೊದಲು, ಬೈಲಹೊಂಗಲದ ಒಂದು ಹತ್ತಿ ಗಿರಣಿಯಲ್ಲಿ, ಎರಡು ಸಣ್ಣ ಕಬ್ಬಿಣದ ಡಬ್ಬಿಗಳಿಂದ ಬಂದದ್ದು. ಅದನ್ನೇ ಇವತ್ತು ಬರೆಯುತ್ತೇನೆ.

ನಿಮ್ಮ ಅಜ್ಜ ಆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರಗಳಿಗೆ ಹತ್ತಿ ಉಣಿಸುವುದು ಅವರ ಕೆಲಸ. ಜ್ವರ ಬಂತು, ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು. ನಿಮ್ಮ ಅಪ್ಪ ಆಗ ಸಾಲೆಗೆ ಹೋಗುವ ಹುಡುಗ, ನಿಮ್ಮ ಅತ್ತೆ ಇನ್ನೂ ಸೆರಗು ಹಿಡಿದು ಅಡ್ಡಾಡುವವಳು. ಗಿರಣಿಯ ಮಾಲೀಕರು, ನಮ್ಮ ಸಾಹುಕಾರರು, ಅಲ್ಲಿಯೇ ನನಗೆ ಹತ್ತಿ ಆರಿಸುವ ಕೆಲಸ ಕೊಟ್ಟರು. ದಿನಾ ಮುಂಜಾನೆ ಸಂಗೊಳ್ಳಿಯಿಂದ ಬಸ್ಸು ಹಿಡಿದು ಬರುವುದು, ಅಂಗಳದಲ್ಲಿ ಕುಳಿತು ಹತ್ತಿಯೊಳಗಿನ ಒಣ ಎಲೆ, ಕೊಳೆತ ಕಾಯಿ ತೆಗೆಯುವುದು, ಸಂಜೆ ತಲೆತುಂಬ ಅರಳೆ ಹೊತ್ತುಕೊಂಡು ಬಸ್ಸು ಹತ್ತುವುದು. ಬಸ್ಸಿನಲ್ಲಿ ಬದಿಗೆ ಕುಳಿತವರು ನನ್ನ ಸೀರೆಯ ಮೇಲಿನ ಅರಳೆಯನ್ನು ತಾವೇ ತೆಗೆದು ಕಿಟಕಿಯಿಂದ ಊದುತ್ತಿದ್ದರು. ಹತ್ತಿಯ ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ಹಂಗಾಮಿನವರೆಗೆ ಹೊಲದ ಕೂಲಿ.

ಸಾಹುಕಾರರ ತಾಯಿಯನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದರು. ಅವರ ತವರು ಕಿತ್ತೂರು. ಅವರೂ ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳಕೊಂಡವರು. ಮಗ ದೊಡ್ಡವನಾಗುವವರೆಗೆ ಗಿರಣಿಯನ್ನು ತಾವೇ ನಡೆಸಿದ್ದರು. ಒಂದು ದಿನ ನನ್ನ ಎದುರು ಬಂದು ನಿಂತು, "ಸಾಲಿ ಎಷ್ಟ ಕಲತೀಯವಾ?" ಎಂದರು. ನಾನು ಏಳು ಬೆರಳು ತೋರಿಸಿದೆ. "ಬಾಯಿಲ್ಲೇನ ನಿನಗ?" ಎಂದು ನಕ್ಕರು. ನಮ್ಮೂರ ಸಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದೆ. ಅಷ್ಟು ಸಾಕೆಂದು, ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಶುರುವಾಗಿದ್ದ ಕಂಪ್ಯೂಟರ್ ಕ್ಲಾಸಿಗೆ ಅವರೇ ನನ್ನನ್ನು ಹಾಕಿದರು. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ದಿನಗಳಾಗಿದ್ದವು. ಎಲ್ಲ ಕಡೆ ಕಂಪ್ಯೂಟರ್ ತರುತ್ತಿದ್ದರು. ಸಾಹುಕಾರರೂ ಒಂದನ್ನು ತಂದಿದ್ದರು. ತೂಕದ ಚೀಟಿ ಅದರಲ್ಲಿ ಆಗಬೇಕು ಎಂಬುದು ಅವರ ಆಸೆ. ಹೀಗೆ ನಾನು ಹತ್ತಿಯ ರಾಶಿಯಿಂದ ಎದ್ದು ಕುರ್ಚಿಯ ಮೇಲೆ ಕುಳಿತೆ. ವರ್ಷಪೂರ್ತಿ ಪಗಾರ ಬರುವ ಕುರ್ಚಿ ಅದು. ನಿಮ್ಮ ಅಪ್ಪನ ಓದು ಮುಂದೆ ನಡೆದದ್ದು ಆ ಕುರ್ಚಿಯ ಬಲದಿಂದ.

ಆದರೆ ಕುರ್ಚಿಯನ್ನು ಹಾಕಿದ ಜಾಗ ಸರಿಯಿರಲಿಲ್ಲ. ಗಾಡಿ, ಟ್ರ್ಯಾಕ್ಟರುಗಳನ್ನು ಹತ್ತಿ ಸಮೇತ ತೂಗುವ ದೊಡ್ಡ ತಕ್ಕಡಿಗೆ ನಮ್ಮಲ್ಲಿ ಕಾಟಾ ಎನ್ನುತ್ತಾರೆ. ಆ ಕಾಟಾದ ಬದಿಗೆ ಒಂದು ಸಣ್ಣ ತಗಡಿನ ಗೂಡು. ಅದರಲ್ಲಿ ಕಂಪ್ಯೂಟರ್, ನಾನು. ಗೂಡಿನ ಬೆನ್ನಿಗೇ ಯಂತ್ರಗಳ ಶೆಡ್ಡು. ಹಂಗಾಮಿನಲ್ಲಿ ಅಲ್ಲಿ ಗಾಳಿಗಿಂತ ಅರಳೆಯೇ ಹೆಚ್ಚು. ಕಂಪ್ಯೂಟರಿನೊಳಗೆ ಸಣ್ಣದೊಂದು ಪಂಖಾ ತಿರುಗುತ್ತದಲ್ಲ, ಅದು ಅರಳೆಯನ್ನು ಒಳಗೆ ಎಳೆದುಕೊಂಡು, ಎಳೆದುಕೊಂಡು, ಒಂದು ದಿನ ಹೊಸ ಗಾದಿಯಂತೆ ಮೆತ್ತಗೆ ತುಂಬಿಕೊಂಡು ನಿಂತುಬಿಡುತ್ತಿತ್ತು. ಹೊರಗೆ ಗಾಡಿಗಳ ಸಾಲು. ಕಿಟಕಿಯಲ್ಲಿ ಹತ್ತು ತಲೆ. "ಅಕ್ಕಾರ, ನಂದ ಮೊದಲ", "ಏ, ನಾ ನಸಿಕಿನ್ಯಾಗ ಬಂದೇನಿ" ಎಂದು ಜಗಳ. ಸುಮ್ಮನಿರಿ ಎಂದು ಹೇಳಲು ನನಗೆ ಧ್ವನಿಯೇ ಬರುತ್ತಿರಲಿಲ್ಲ. ತಲೆ ತಗ್ಗಿಸಿ ಕೀಲಿಮಣೆ ನೋಡುತ್ತಿದ್ದೆ. ಧೂಳಿಗೆ ಕೆಮ್ಮೂ ಹತ್ತಿಕೊಂಡಿತ್ತು.

ಕಾಟಾದ ಮೇಲೆ ಒಬ್ಬ ಹಿರಿಯರಿದ್ದರು. ಅವರೇ ಗಾಡಿ ಹತ್ತಿಸುವುದು, ಇಳಿಸುವುದು, ತೂಕದ ಅಂಕಿ ನೋಡಿ ಕೂಗಿ ಹೇಳುವುದು. ನಿಮ್ಮ ಅಜ್ಜನ ಗೆಳೆಯರು, ವಯಸ್ಸಿನಲ್ಲಿ ಬಹಳ ದೊಡ್ಡವರು. ನಾನು ಕಾಕಾ ಎನ್ನುತ್ತಿದ್ದೆ. ಅವರು ಕೂಗಿದರೆ ಪೇಟೆಯ ಅಗಸಿ ಬಾಗಿಲವರೆಗೂ ಕೇಳುತ್ತಿತ್ತು. ನನ್ನ ಪಾಲಿನ ಜಗಳವನ್ನೂ ಅವರೇ ಆಡುತ್ತಿದ್ದರು.

ಆ ವರ್ಷ ಮಹಾನವಮಿ ಮುಗಿದ ಮೇಲೆ, ಕಂಪ್ಯೂಟರ್ ಮತ್ತೆ ನಿಂತಾಗ, ಸಾಹುಕಾರರು ಗೂಡಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು. ಅವರು ಸಿಟ್ಟಿನ ಮನುಷ್ಯರಲ್ಲ. "ತಂಗೆವ್ವ, ನಿನ್ನ ತಪ್ಪಿಲ್ಲ. ಆದ್ರ ಮಷೀನ ನಿಂತ್ರ ಗಾಡಿ ನಿಲ್ಲತಾವ. ಮತ್ತ ಇಲ್ಲಿ ಗಂಟಲಿದ್ದವರ ಬೇಕು. ಇದೊಂದ ಸಲ ನೋಡೂನು. ದೀಪಾವಳಿ ಪಾಡ್ಯದ ದಿನ ಹೊಸ ಹಂಗಾಮಿನ ಮೊದಲನೇ ಗಾಡಿ ಸುಸೂತ್ರ ತೂಗಿ ಚೀಟಿ ಹೊರಗ ಬಂದ್ರ ಆತು. ಇಲ್ಲಾಂದ್ರ ಮೊದಲಿನಂಗ ಕೈಲೆ ಬರಿಯೂದು. ನಮ್ಮ ಅಳಿಯಾ ಬರತೇನಿ ಅಂದಾನ. ನಿನಗ ಆರಸೂ ಕೆಲಸ ಇದ್ದ ಐತಿ."

ಆರಿಸುವ ಕೆಲಸ ಎಂದರೆ ಮತ್ತೆ ಅಂಗಳ, ಮತ್ತೆ ಅರಳೆ, ಮತ್ತೆ ಅರ್ಧ ವರ್ಷ ಕೂಲಿ. ನಾನು ಹೂಂ ಎಂದೆ. ಅಷ್ಟೇ ಬಂತು ಬಾಯಿಗೆ.

ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವನು ರಾಮದುರ್ಗದವನು. ಮೊದಲು ರೇಡಿಯೋ, ಆಮೇಲೆ ಟಿವಿ, ಆಮೇಲೆ ಮನೆಮನೆಗೆ ಕೇಬಲ್ಲು ಎಳೆಯುವುದು, ಈಗ ಕಂಪ್ಯೂಟರ್. ಬಾಯಿ ಸುಮ್ಮನಿರುತ್ತಿರಲಿಲ್ಲ. ಒಳಗಿನ ಅರಳೆಯನ್ನು ಮುಷ್ಟಿ ಮುಷ್ಟಿ ಹೊರಗೆ ತೆಗೆದು, "ಸಾಹುಕಾರ್ರ, ಇದರಾಗ ಒಂದ ತಲಿದಿಂಬ ಆಗತೈತಿ ನೋಡ್ರಿ" ಎಂದ. ನಂತರ ಹೇಳಿದ: ಕಂಪ್ಯೂಟರನ್ನು ಧೂಳಿಲ್ಲದ ಕೋಣೆಯಲ್ಲಿಡಬೇಕು, ಪರದೆ ಮತ್ತು ಕೀಲಿಮಣೆ ಮಾತ್ರ ಕಾಟಾದ ಹತ್ತಿರ ಇರಬೇಕು. ಪರದೆಯ ವೈರು ಮೊಳದುದ್ದ. ಅದನ್ನೇ ಎಳೆದು ಉದ್ದ ಮಾಡಿದರೆ ಚಿತ್ರ ಮಬ್ಬಾಗುತ್ತದೆ, ಕೀಲಿ ಒತ್ತಿದರೆ ಕೇಳುವುದಿಲ್ಲ. ಅದಕ್ಕೆಂದೇ ಎಕ್ಸ್‌ಟೆಂಡರ್ ಎಂದು ಎರಡು ಡಬ್ಬಿ ಬರುತ್ತವೆ, ಹುಬ್ಬಳ್ಳಿಯಿಂದ ತರಿಸುತ್ತೇನೆ.

ತರಿಸಿದ. ಎರಡೂ ಮಸಾಲೆ ಡಬ್ಬಿಗಿಂತ ಸಣ್ಣವು, ಕರಿ ಬಣ್ಣ. ಒಂದು ಕಂಪ್ಯೂಟರಿನ ಮಗ್ಗುಲಿಗೆ ಕೂಡುತ್ತದೆ. ಪರದೆಗೆ ಹೋಗುವುದು, ಕೀಲಿಮಣೆಯಿಂದ ಬರುವುದು, ಮೌಸಿನಿಂದ ಬರುವುದು, ಮೂರನ್ನೂ ಅದು ಒಂದೇ ನೀಲಿ ವೈರಿನಲ್ಲಿ ಸೇರಿಸುತ್ತದೆ. ವೈರಿನ ಇನ್ನೊಂದು ತುದಿಗೆ ಎರಡನೆಯ ಡಬ್ಬಿ. ಅದು ಮತ್ತೆ ಮೂರನ್ನೂ ಬೇರೆ ಬೇರೆ ಮಾಡಿ ಕೊಡುತ್ತದೆ. ಎರಡಕ್ಕೂ ತಮ್ಮ ತಮ್ಮ ಕರೆಂಟು ಬೇಕು. ಕರೆಂಟು ಇದ್ದರೆ ಮೈಮೇಲೆ ಜೋಳದ ಕಾಳಿನಷ್ಟು ಹಸಿರು ದೀಪ ಹತ್ತುತ್ತದೆ. ಈ ಹಸಿರು ದೀಪದ ಮಾತು ನೆನಪಿಟ್ಟುಕೊಳ್ಳಿ.

ಗಿರಣಿಯಲ್ಲಿ ಧೂಳಿಲ್ಲದ ಜಾಗ ಒಂದೇ, ಗಾದಿ ಕೋಣೆ. ಸಾಹುಕಾರರು ವ್ಯಾಪಾರಕ್ಕೆ ಕುಳಿತುಕೊಳ್ಳುವ ಕೋಣೆ. ಬಿಳಿ ಗಾದಿ, ಲೋಡು, ಗೋಡೆಯಲ್ಲಿ ಲಕ್ಷ್ಮಿಯ ಫೋಟೋ. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಅಲ್ಲಿ ಮೂಲೆಯಲ್ಲಿ, ಲಕ್ಷ್ಮಿಯ ಕೆಳಗೆ, ಒಂದು ಮೇಜು ಹಾಕಿ ಕಂಪ್ಯೂಟರ್ ಇಟ್ಟರು. ಪರದೆ, ಕೀಲಿಮಣೆ, ನಾನು ಗೂಡಿನಲ್ಲೇ.

ಅವ್ವಾರು ಲೋಡಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು. ಮಗನನ್ನು ಕರೆದು ಕೇಳಿದರು:

"ಈ ಕಬ್ಬಿಣದ ಪೆಟಗಿಗೆ ಧೂಳ ಆಗಿ ಬರೂದಿಲ್ಲಂತ ಒಳಗ ತಂದಿ. ಆ ಹುಡುಗಿ ಕೆಮ್ಮೂದು ನಿನಗ ಕೇಳಸೂದಿಲ್ಲೇನಪಾ?"

"ಯವ್ವಾ, ಆಕಿ ಅಲ್ಲಿ ಇಲ್ಲಾಂದ್ರ ಪರದೇಕ ಬರಿಯೂರ ಯಾರ?"

ರಿಪೇರಿಯವನು ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿ ಹೇಳಿದ, "ಅವ್ವಾರ, ಈ ಡಬ್ಬಿಗೆ ಇಲ್ಲೂ ಒಂದ ಪರದೆ, ಒಂದ ಕೀಲಿಮಣಿ ಹಚ್ಚಾಕ ಬರತೈತಿ. ಇಲ್ಲಿ ಬರದದ್ದು ಅಲ್ಲಿ ಕಾಣತೈತಿ, ಅಲ್ಲಿ ಒತ್ತಿದ್ದು ಇಲ್ಲಿ ಮೂಡತೈತಿ."

"ಹಂಗಾರ ಆಕೀನ ಒಳಗ ಕರಕೊಂಬಾ" ಎಂದರು ಅವ್ವಾರು. ಮಾತು ಮುಗಿಯಿತು.

ಗಂಡಸರು ಕುಳಿತುಕೊಳ್ಳುವ ಗಾದಿ ಕೋಣೆಗೆ ನಾನು ಹೋಗುವುದಾದರೂ ಹೇಗೆ ಎಂದು ಹೊಸ್ತಿಲಲ್ಲೇ ನಿಂತಿದ್ದೆ. ಅವ್ವಾರು ಕೈಮಾಡಿ ಕರೆದು, ತಮ್ಮ ಬದಿಗಿದ್ದ ಲೋಡನ್ನು ಎತ್ತಿ ಕುರ್ಚಿಯ ಬೆನ್ನಿಗೆ ಇಟ್ಟುಕೊಟ್ಟರು. ಆ ಲೋಡಿನ ಉಪಕಾರ ನನ್ನ ಬೆನ್ನಿಗೆ ಇನ್ನೂ ಗೊತ್ತು.

ಮೊದಲ ಸಲ ಎಲ್ಲ ಜೋಡಿಸಿದ ದಿನ ನಾನು ಒಳಗೆ ಒಬ್ಬಳೇ ಇದ್ದೆ. ಪರದೆಯಲ್ಲಿ ಇದ್ದಕ್ಕಿದ್ದಂತೆ ಅಕ್ಷರಗಳು ತಾವೇ ಮೂಡತೊಡಗಿದವು. ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ಅ, ಕ್ಕಾ, ರ. ಚಾ ಆತೇನ್ರಿ. ನಾನು ಹೆದರಿ ಎದ್ದೇ ನಿಂತೆ. ಆಮೇಲೆ ತಿಳಿಯಿತು, ಅದು ಗೂಡಿನಲ್ಲಿ ಕುಳಿತ ರಿಪೇರಿಯವನ ಕೆಲಸ. ಕುಳಿತು ಬರೆದೆ: ಆತ್ರಿ. ನಿಮಗೂ ಕಳಸ್ತೇನಿ. ಸಕ್ಕರಿ ಕಡಿಮಿ ಹಾಕಲೇನ್ರಿ?

ಆತ ಅಂಗಳದಲ್ಲಿ ನಿಂತು ಎಲ್ಲರಿಗೂ ಸಾರಿದ. "ನೋಡ್ರೆಪಾ, ಎದುರ ನಿಂತ್ರ ಹೂಂ ಅನ್ನಾಕ ತ್ರಾಸ ಮಾಡಕೋತಾರ. ಇಲ್ಲಿ ಸಕ್ಕರಿ ತಕಾ ಕೇಳಾಕ ಹತ್ಯಾರ." ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಅಷ್ಟು ದಿನ ಆತನೊಂದಿಗೆ ನಾನು ಒಂದು ಪೂರ್ತಿ ಮಾತು ಆಡಿರಲಿಲ್ಲ.

ಆದರೆ ಯಂತ್ರ ಶುರುವಾದ ಕೂಡಲೇ ಹೊರಗಿನ ಪರದೆ ನಡುಗತೊಡಗಿತು. ಬಿಸಿಲಿನಲ್ಲಿ ದೂರದ ಹೊಲ ಅಲುಗಿದ ಹಾಗೆ ಅಕ್ಷರಗಳು ಅಲುಗಿದವು. ಮನೆಮನೆಗೆ ಕೇಬಲ್ಲು ಎಳೆದು ರೂಢಿಯಾದ ರಿಪೇರಿಯವನಿಗೆ ಹತ್ತಿರದ ಹಾದಿಯೇ ಬೇಕು. ಶೆಡ್ಡಿನೊಳಗೆ ಮೋಟಾರುಗಳ ಕರೆಂಟು ಹೋಗುವ ದಪ್ಪ ಪೈಪು ಇತ್ತು. ನೀಲಿ ವೈರನ್ನು ಅದಕ್ಕೇ ಕಟ್ಟಿಬಿಟ್ಟಿದ್ದ. "ದೊಡ್ಡ ಕರೆಂಟಿನ ಮಗ್ಗಲಾಗ ಮಲಗಿಸಿದ್ರ ಇದಕ ನಿದ್ದಿ ಬರೂದಿಲ್ಲ" ಎಂದು ತನಗೆ ತಾನೇ ಬೈದುಕೊಂಡು, ಎಲ್ಲ ಬಿಚ್ಚಿ, ಬೇವಿನ ಗಿಡದ ಕಡೆಯಿಂದ ಕಂಪೌಂಡ್ ಗೋಡೆಗುಂಟ ಹೊಸದಾಗಿ ಎಳೆದ. ನಡುಕ ನಿಂತಿತು. ಹಾದಿ ಉದ್ದವಾದ್ದರಿಂದ ಪ್ರತಿ ಅಕ್ಷರದ ಮಗ್ಗುಲಿಗೆ ಒಂದು ಮಸುಕು ನೆರಳು ಉಳಿಯಿತು. ಹೊರಗಿನ ಡಬ್ಬಿಯಲ್ಲಿ ಅದಕ್ಕೊಂದು ಸಣ್ಣ ತಿರುಪು ಇರುತ್ತದೆ. ಆತ ಅದನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಾಕಾ ಕಣ್ಣು ಕಿರಿದು ಮಾಡಿ ನೋಡುವುದು. "ಇನ್ನೂ ಐತಿ. ಇನ್ನೂ ಐತಿ. ಹಾಂ, ಹೋತು. ಏ, ಮತ್ತ ಬಂತು. ಹಿಂದ ತಿರವ್."

ನಾವು ಒಂದು ಪದ್ಧತಿ ಮಾಡಿಕೊಂಡೆವು. ರೈತರು ಮೊದಲು ಗಾದಿ ಕೋಣೆಯ ಜಾಳಿಗೆ ಕಿಟಕಿಯ ಹತ್ತಿರ ಒಬ್ಬೊಬ್ಬರೇ ಬಂದು ಹೆಸರು, ಊರು ಹೇಳಬೇಕು. ನಾನು ಬರೆಯುತ್ತೇನೆ. ಗಾಡಿ ಕಾಟಾ ಹತ್ತಿದ ಮೇಲೆ ಕಾಕಾ ಹೊರಗಿನ ಕೀಲಿಮಣೆಯಲ್ಲಿ ತೂಕದ ಅಂಕಿ ಒತ್ತುತ್ತಾರೆ. ಅವರಿಗೆ ಓದಲು ಬರುತ್ತಿತ್ತು, ಆದರೆ ಕೀಲಿಮಣೆಯಲ್ಲಿ ಗೊತ್ತಿದ್ದದ್ದು ಅಂಕಿಗಳಷ್ಟೇ. ಇಬ್ಬರೂ ಒಮ್ಮೆಗೇ ಒತ್ತಿದರೆ ಹೆಸರಿನ ನಡುವೆ ಅಂಕಿ ಸೇರಿ ಗೊಂದಲ. ಆದ್ದರಿಂದ ಅವರು ಮುಗಿಸಿದ ಮೇಲೆ ಒಂದು ಚುಕ್ಕೆ ಇಡುವುದು, ಚುಕ್ಕೆ ಕಾಣುವವರೆಗೆ ನಾನು ಕೈ ಎತ್ತಿಕೊಂಡು ಕೂಡುವುದು. ಹೊರಗಿನ ಪರದೆಯನ್ನು ಗೂಡಿನ ಕಿಟಕಿಯ ಕಡೆ ತಿರುಗಿಸಿ ಇಟ್ಟಿದ್ದರಿಂದ, ಗಾಡಿಯವನು ತನ್ನ ಹೆಸರಿನ ಮುಂದೆ ತನ್ನ ತೂಕ ಬೀಳುವುದನ್ನು ತಾನೇ ನೋಡಬಹುದಿತ್ತು.

ಇಷ್ಟೆಲ್ಲ ಆಗುವ ಹೊತ್ತಿಗೆ ದೀಪಾವಳಿ ಬಂತು. ಅಮಾವಾಸ್ಯೆಯ ಸಂಜೆ ಗಾದಿ ಕೋಣೆಯಲ್ಲಿ ಲಕ್ಷ್ಮಿ ಪೂಜೆ. ನಮ್ಮ ಕಡೆ ದುಡಿಯುವ ಯಾವ ಸಾಮಾನನ್ನೂ ಪೂಜೆಯಿಂದ ಹೊರಗಿಡುವುದಿಲ್ಲ. ಕಂಪ್ಯೂಟರಿಗೂ ಮೂರು ಬೆರಳು ವಿಭೂತಿ ಎಳೆದರು. ಕರಿ ಡಬ್ಬಿಯ ಮೇಲೆ ಚೆಂಡು ಹೂವಿನ ಸರ ಸುತ್ತಿದರು, ಡಬ್ಬಿಯೇ ಕಾಣದಷ್ಟು. ನಾನು ಆ ಸಂಜೆ ಇರಲಿಲ್ಲ, ಊರಿಗೆ ಬಂದಿದ್ದೆ.

ಪಾಡ್ಯದ ಮುಂಜಾನೆ ಬಂದು ಕಂಪ್ಯೂಟರ್ ಹಚ್ಚಿದೆ. ನನ್ನ ಪರದೆ ಬೆಳಗಿತು. ಅಂಗಳದಲ್ಲಿ ಚಚಡಿಯಿಂದ ಬಂದ ಮೊದಲನೆಯ ಗಾಡಿ, ಎತ್ತುಗಳ ಕೋಡಿಗೆ ಬಣ್ಣ, ಹಿಂದೆ ಸವದತ್ತಿಯ ಕಡೆಯ ಟ್ರ್ಯಾಕ್ಟರುಗಳು. ಸಾಹುಕಾರರು ತೆಂಗಿನಕಾಯಿ ಹಿಡಿದು ಕಾಟಾದ ಎದುರು ನಿಂತಿದ್ದರು. ಅವರ ಅಳಿಯನೂ ಬಂದಿದ್ದ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು. ಗಾಡಿಯವರ ಹೆಸರು, ಊರು ಬರೆದು ಕಾಯುತ್ತ ಕುಳಿತೆ. ಅಂಕಿ ಬರಲಿಲ್ಲ. ಆಗ ಕಾಕಾನ ಧ್ವನಿ ಬಂತು.

"ಯವ್ವಾ, ಇಲ್ಲಿ ಏನೂ ಇಲ್ಲ. ಪರದೆ ಕರ್ರಗೈತಿ."

ಅಂಗಳದಲ್ಲಿ ಗುಸುಗುಸು ಶುರುವಾಯಿತು. "ಹಬ್ಬದ ದಿನಾನ ಕಣ್ಣ ಮುಚ್ಚಿತಲ್ಲಪಾ ಇದು" ಎಂದು ಯಾರೋ ನಕ್ಕರು. ಸಾಹುಕಾರರು, "ಸ್ವಲ್ಪ ನೋಡೂನು, ಇಲ್ಲಾಂದ್ರ ಕೈಲೆ ಬರಕೋ" ಎಂದು ಅಳಿಯನಿಗೆ ಹೇಳಿದ್ದು ಜಾಳಿಗೆಯಿಂದ ಕೇಳಿಸಿತು. ರಿಪೇರಿಯವನು ಹಬ್ಬಕ್ಕೆ ರಾಮದುರ್ಗಕ್ಕೆ ಹೋಗಿದ್ದ.

ನಾನು ಎದ್ದು ಹೂವಿನ ಸರ ಎತ್ತಿ ನೋಡಿದೆ. ಡಬ್ಬಿಯ ಮೇಲೆ ಹಸಿರು ದೀಪ ಇರಲಿಲ್ಲ. ಒಳಗಿನ ಪರದೆ ಕಂಪ್ಯೂಟರಿನ ಬಲದಿಂದಲೇ ನಡೆಯುತ್ತದೆ, ಹೊರಗೆ ಕಳಿಸಲು ಮಾತ್ರ ಡಬ್ಬಿಗೆ ಕರೆಂಟು ಬೇಕು. ಅದರ ಕರೆಂಟಿನ ವೈರನ್ನು ಬೆರಳಿನಿಂದ ಹಿಡಿದುಕೊಂಡು ಹೋದೆ. ತುದಿ ನೆಲದ ಮೇಲೆ ಬಿದ್ದಿತ್ತು. ಗೋಡೆಯಲ್ಲಿ ಅದರ ಜಾಗದಲ್ಲಿ ಬೇರೊಂದು ವೈರು ಚುಚ್ಚಿದ್ದರು. ಅದು ಮೇಲೆ ಹೋಗಿ ಲಕ್ಷ್ಮಿಯ ಫೋಟೋ ಸುತ್ತ ಕೆಂಪು, ಹಸಿರು, ಹಳದಿ ದೀಪಗಳ ಸರವಾಗಿ ಓಡುತ್ತಿತ್ತು. ಎಷ್ಟೋ ವರ್ಷಗಳಿಂದ ದೀಪಾವಳಿಗೆ ಆ ಪ್ಲಗ್ಗು ಲಕ್ಷ್ಮಿಯದೇ. ಅಲಂಕಾರ ಮಾಡಿದವರು ರೂಢಿಯ ಪ್ರಕಾರ, ಅಲ್ಲಿ ಏನಿತ್ತೆಂದು ನೋಡದೆ, ಕಿತ್ತು ತಮ್ಮದನ್ನು ಹಚ್ಚಿದ್ದರು. ಆ ಗೋಡೆಯಲ್ಲಿ ಬೇರೆ ತೆರವು ಪ್ಲಗ್ಗೂ ಇರಲಿಲ್ಲ.

ಏನು ಮಾಡಬೇಕೆಂಬುದು ಗೊತ್ತಿತ್ತು. ಕೈ ಮಾತ್ರ ಮುಂದೆ ಹೋಗಲಿಲ್ಲ. ಪಾಡ್ಯದ ದಿನ, ಮೊದಲ ಗಾಡಿ ಕಾಟಾದ ಮೇಲೆ ನಿಂತಾಗ, ಗಂಡನಿಲ್ಲದವಳು ಲಕ್ಷ್ಮಿಯ ದೀಪ ಆರಿಸುವುದೇ? ನಾಳೆ ಗಿರಣಿಯಲ್ಲಿ ಒಂದು ಬೆಲ್ಟು ಹರಿದರೂ ಜನ ನನ್ನ ಹೆಸರು ಹೇಳುತ್ತಾರೆ. ನಾನು ತಿರುಗಿ ಅವ್ವಾರ ಮುಖ ನೋಡಿದೆ. ಅವರು ಗಾದಿಯ ಮೇಲೆ ಕುಳಿತು ಎಲ್ಲ ನೋಡಿದ್ದರು, ನನ್ನ ಬೆರಳು ಹೋದ ಹಾದಿಯನ್ನೂ.

"ತಗಿ" ಎಂದರು.

"ಅವ್ವಾರ, ನೀವ ತಗೀರಿ."

"ನಾ ತಗದ್ರೂ ಅಷ್ಟ, ನೀ ತಗದ್ರೂ ಅಷ್ಟ. ನಾನೂ ಕುಂಕುಮ ಇಲ್ಲದಾಕೀನ. ಈ ಗಿರಣಿ ನನ್ನ ಕೈಯಾಗ ಎಷ್ಟ ವರ್ಷ ನಿಂತೈತಿ, ಲಕ್ಷ್ಮೀಗೆ ಗೊತ್ತೈತಿ. ಎಣ್ಣಿ ದೀಪ ಎರಡ ಉರಿಯಾಕ ಹತ್ತಾವು, ಆಕೀಗೆ ಅಷ್ಟ ಸಾಕು. ಈ ಬಣ್ಣದ್ದು ನಮ್ಮ ಹುಡುಗೂರ ಹುಚ್ಚು. ತಗಿಯವಾ, ಗಾಡಿ ನಿಂತಾವು."

ನಾನು ಲಕ್ಷ್ಮಿಗೆ ಕೈಮುಗಿದು ವೈರು ಎಳೆದೆ. ಬಣ್ಣದ ದೀಪಗಳು ಆರಿದವು. ಎಣ್ಣೆಯ ಎರಡು ದೀಪಗಳು ಇದ್ದಲ್ಲೇ ಇದ್ದವು. ಬಣ್ಣ ಹೋದ ಮೇಲೆ ಅವು ಇನ್ನೂ ಚೆನ್ನಾಗಿ ಕಂಡವು. ನೆಲದಲ್ಲಿ ಬಿದ್ದಿದ್ದ ವೈರು ಎತ್ತಿ ಚುಚ್ಚಿದೆ. ಹೂವಿನ ಎಸಳುಗಳ ಸಂದಿಯಿಂದ ಜೋಳದ ಕಾಳಿನಷ್ಟು ಹಸಿರು ಮೂಡಿತು.

"ಬಂತು, ಬಂತು" ಎಂದು ಹೊರಗಿನಿಂದ ಕಾಕಾ ಕೂಗಿದರು.

ಗಾಡಿಯವರ ಹೆಸರು ಬರೆದದ್ದು ಅಲ್ಲಿಯೇ ಇತ್ತು. ಅದರ ಕೆಳಗೆ, ಯಾಕೆ ಬರೆದೆನೋ, ಕೈ ತಾನೇ ಬರೆಯಿತು: ತಡಾ ಆತು, ಬ್ಯಾಸರ ಮಾಡಕೋಬ್ಯಾಡ್ರಿ. ಎಲ್ಲಾರಿಗೂ ಹಬ್ಬದ ಶರಣು.

ಕಾಕಾ ಅದನ್ನು ತಮ್ಮ ದೊಡ್ಡ ಗಂಟಲಿನಲ್ಲಿ ಅಂಗಳಕ್ಕೆಲ್ಲ ಓದಿ ಹೇಳಿದರು. ಗಾಡಿಯವರು, ಟ್ರ್ಯಾಕ್ಟರಿನವರು, ಹಮಾಲರು, ಎಲ್ಲರೂ ಗಾದಿ ಕೋಣೆಯ ಕಡೆ ತಿರುಗಿ, "ಶರಣ್ರೀ ಅಕ್ಕಾರ" ಎಂದರು. ಜಾಳಿಗೆಯಿಂದ ಅವರೆಲ್ಲ ನನಗೆ ಕಾಣುತ್ತಿದ್ದರು. ನಾನು ಅವರಿಗೆ ಕಾಣುತ್ತಿರಲಿಲ್ಲ. ನಾನು ಅಲ್ಲಿ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಅಂಕಿಗಳು ಬಿದ್ದವು, ಚುಕ್ಕೆ ಬಿತ್ತು. ಮಗ್ಗುಲಿನ ಪ್ರಿಂಟರಿನಿಂದ ಚೀಟಿ ಹೊರಗೆ ಬಂತು. ಸಾಹುಕಾರರು ಕಾಯಿ ಒಡೆದರು.

ಅವರ ಅಳಿಯ ಪೆನ್ನನ್ನು ಜೇಬಿನಲ್ಲೇ ಇಟ್ಟುಕೊಂಡು, ಹೋಳಿಗೆ ಉಂಡು ಊರಿಗೆ ಹೋದ. ಕೆಟ್ಟ ಹುಡುಗನಲ್ಲ, ಹೋಗುವಾಗ ಜಾಳಿಗೆಯ ಹತ್ತಿರ ಬಂದು, "ಅಕ್ಕಾರ, ನನ್ನ ಅಕ್ಷರಾ ಯಾರಿಗೂ ತಿಳಿಯೂದಿಲ್ರಿ, ನೀವ ಪಾರ ಮಾಡಿದ್ರಿ" ಎಂದ. ಸಾಹುಕಾರರು ಆಮೇಲೆ ನನ್ನನ್ನು ಕುರ್ಚಿಯಿಂದ ಎಬ್ಬಿಸುವ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಮರುದಿನವೇ ಗೋಡೆಗೆ ಇನ್ನೊಂದು ಪ್ಲಗ್ಗು ಹಾಕಿಸಿದರು. ಲಕ್ಷ್ಮಿಗೆ ಬಣ್ಣದ ದೀಪಗಳೂ ಮರಳಿ ಬಂದವು.

ಅದಾದ ಮೇಲೆ ಅಂಗಳದ ಜಗಳ ಕಡಿಮೆಯಾಯಿತು. "ಮುಂದ ನೇಸರಗಿ ಗಾಡಿ" ಎಂದು ನಾನು ಬರೆದರೆ, ಕಾಕಾ ಕೂಗುತ್ತಿದ್ದರು. ಅಕ್ಷರ ನನ್ನದು, ಗಂಟಲು ಅವರದು. ಯಾರಾದರೂ ನಡುವೆ ನುಗ್ಗಿದರೆ, "ಅಕ್ಕಾರ ಬರದಾರ, ನಾ ಏನ ಮಾಡ್ಲಿ" ಎಂದು ಪರದೆಯ ಕಡೆ ಕೈ ತೋರಿಸಿಬಿಡುತ್ತಿದ್ದರು. ನನ್ನ ಕೆಮ್ಮು ಆ ಹಂಗಾಮಿನಲ್ಲೇ ಹೋಯಿತು.

ಕಾಕಾ ಒಂದೊಂದೇ ಅಕ್ಷರದ ಕೀಲಿ ಕಲಿತರು. ಮಧ್ಯಾಹ್ನ ಗಾಡಿಗಳು ತೆರವಾದಾಗ ನನ್ನ ಪರದೆಯಲ್ಲಿ ಒಂದು ಅಕ್ಷರ ಮೂಡುತ್ತಿತ್ತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅವರು ಅಲ್ಲಿ ಕೀಲಿ ಹುಡುಕುತ್ತಿದ್ದಾರೆ ಎಂದು ನಾನು ಕೈ ಎತ್ತಿಕೊಂಡು ಕಾಯುತ್ತಿದ್ದೆ. ಕೊನೆಗೆ ಪೂರ್ತಿಯಾಗುತ್ತಿತ್ತು: ಊಟಾ ಆತೇನವಾ. ಮತ್ತು ಒಂದು ಚುಕ್ಕೆ.

ಈಗ ಕಾಕಾನೂ ಇಲ್ಲ, ಅವ್ವಾರೂ ಇಲ್ಲ. ಆ ಡಬ್ಬಿಗಳನ್ನು ತೆಗೆದು ಬೇರೆ ಏನೋ ಹಾಕಿದ್ದಾರಂತೆ. ನೀವು ದೂರದಿಂದ ನನಗೆ ಬರೆಯುವಾಗ, "ಬರೆಯುತ್ತಿದ್ದಾರೆ" ಎಂದು ಮೊಬೈಲಿನಲ್ಲಿ ತೋರಿಸುತ್ತದೆ. ಆಗ ನಾನು ಕೈ ಎತ್ತಿಕೊಂಡು ಕುಳಿತಿರುತ್ತೇನೆ. ನಾನು ಉತ್ತರ ಕೊಡುವುದು ತಡ ಎಂದು ಬೈಯಬೇಡಿ. ನಿಮ್ಮ ಮಾತು ಪೂರ್ತಿ ಬರಲಿ ಎಂದು ಕಾಯುವುದು ನನಗೆ ರೂಢಿ. ಊಟ ಆಯಿತೇ ಎಂದು ನೀವು ಬರೆದು ಕೇಳಿದ್ದಿರಲ್ಲ, ಹೌದು, ಇವತ್ತು ಊಟ ಆಗಿದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ.